ವೀರಭದ್ರಪ್ಪನ ಜೀವದ ಗೆಳೆಯ

ಸತ್ತವರ ಜೊತೆ ಗೆಳೆತನ ಬೆಳೆಸುವುದಕ್ಕೆ ಖರ್ಚಿಲ್ಲ, ಅವರು ಎದ್ದು ಬಂದು ಇಲ್ಲವೆನ್ನುವ ಭಯವೂ ಇಲ್ಲ ಎಂದು ತಿಳಿದು ಉಮರ್ಗಾದ ವೀರಭದ್ರಪ್ಪ ಕೆಟ್ಟ.

ಭಯವಿಲ್ಲ ಎಂಬುದೇ ಅವನಿಗೆ ದೊಡ್ಡ ಆಮಿಷವಾಗಿ ಕಂಡಿರಬೇಕು. ಯಾಕೆಂದರೆ ಅವನು ಹುಟ್ಟಾ ಪುಕ್ಕಲ. ಮನೆಯಲ್ಲಿ ಕುಕ್ಕರು ಸೀಟಿ ಹೊಡೆಯುವ ಹೊತ್ತಿಗೆ ಅಂಗಳಕ್ಕೆ ಬಂದು ನಿಲ್ಲುವವನು. ಹೈದರಾಬಾದ ಹೆದ್ದಾರಿ ದಾಟುವಾಗ ಗುರುತಿಲ್ಲದವರ ಕೈ ಹಿಡಿಯುವವನು. ಪೊಲೀಸರು ಕಾಗದ ಹಿಡಿದು ಅಂಗಡಿಗೆ ಬಂದರೆ ತಾನೇ ಏನೋ ಮಾಡಿದ್ದೇನೆ ಎಂಬಂತೆ ಮೊದಲು ನೀರು ಕೊಟ್ಟು ಆಮೇಲೆ ಏನು ಬೇಕೆಂದು ಕೇಳುವವನು. ಇಂಥವನಿಗೆ ದಕ್ಷನ ತಲೆ ಕಡಿದ ದೇವರ ಹೆಸರಿಟ್ಟ ಅವನಜ್ಜ ಭಾಲ್ಕಿ ಕಡೆಯಿಂದ ಗಡಿ ದಾಟಿ ಬಂದು ಮಹಾರಾಷ್ಟ್ರದ ಉಮರ್ಗಾದಲ್ಲಿ ನೆಲೆ ನಿಂತವರು. ಮೊಮ್ಮಗ ಬೆಳೆದು ದೊಡ್ಡವನಾಗುವುದನ್ನು ನೋಡುವ ಮೊದಲೇ ತೀರಿಕೊಂಡರು. ಪುಣ್ಯವಂತರು.

ತಹಸೀಲ ಕಚೇರಿಯ ಎದುರಿನ ಸಾಲಿನಲ್ಲಿ ವೀರಭದ್ರಪ್ಪನ ಝೆರಾಕ್ಸ್ ಅಂಗಡಿ. ಅಂಗಡಿಯ ಮುಂದೊಂದು ಬೆಂಚು. ಆ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅರ್ಜಿ ಬರೆದುಕೊಡುವ ದತ್ತಾತ್ರಿ ಕೂಡುತ್ತಿದ್ದ. ಬೆಂಚು ವೀರಭದ್ರಪ್ಪನದು, ನೆರಳು ವೀರಭದ್ರಪ್ಪನದು, ಆದರೆ ಬಂದವರು ನಮಸ್ಕಾರ ಮಾಡುವುದು ದತ್ತಾತ್ರಿಗೆ. ಅಂಜುಬುರುಕನಿಗೂ ಒಂದು ಹೊಟ್ಟೆಕಿಚ್ಚು ಇರುತ್ತದೆ. ವೀರಭದ್ರಪ್ಪನದು ಇದು.

ಒಂದು ದಿನ ಪುಣೆಯಿಂದ ಸಪನಾ ಎಂಬ ಹುಡುಗಿ ಅಂಗಡಿಗೆ ಬಂದಳು. ಸಿನಿಮಾ ಮಾಡುವವರ ಕಡೆಯವಳು, ನಿರ್ದೇಶಕರ ಸಹಾಯಕಿ. ಊರಿನಲ್ಲಿ ಚಿತ್ರೀಕರಣಕ್ಕೆ ಪರವಾನಗಿ ಬೇಕಾಗಿ ಅರ್ಜಿಯ ಪ್ರತಿ ತೆಗೆಸಲು ಬಂದಿದ್ದಳು. ಸಿನಿಮಾ ಗುರುಶಾಂತ ಜಳಕೋಟಕರ ಎಂಬ ಲೇಖಕನ ಬದುಕಿನ ಮೇಲೆ. ಮನೆಯಲ್ಲಿ ಕನ್ನಡ ಮಾತಾಡಿ ಮರಾಠಿಯಲ್ಲಿ ಬರೆದವನು ಅವನು. ಕುಡಿಯುತ್ತಿದ್ದ, ಯಾರೊಂದಿಗೂ ಹೊಂದಿಕೊಳ್ಳಲಿಲ್ಲ, ಬರೆದದ್ದನ್ನು ತಾನೇ ಒಲೆಗೆ ಹಾಕುತ್ತಿದ್ದ. ನಿಲಂಗಾದ ಯಾವಳೋ ಹುಡುಗಿಯನ್ನು ಪ್ರೀತಿಸಿದನಂತೆ, ಅವಳನ್ನು ಬೇರೆಲ್ಲಿಗೋ ಕೊಟ್ಟರಂತೆ, ಆಮೇಲೆ ಉಮರ್ಗಾದ ಬಾಡಿಗೆ ಕೋಣೆಯೊಂದರಲ್ಲಿ ಚಿಕ್ಕ ವಯಸ್ಸಿನಲ್ಲೇ ಸತ್ತ. ಬದುಕಿದ್ದಾಗ ಊರಿನವರು ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸತ್ತು ಎಷ್ಟೋ ವರ್ಷದ ಮೇಲೆ ಪುಣೆ ಮುಂಬಯಿಯವರು ದೊಡ್ಡ ಲೇಖಕ ಎಂದರು. ಆಗ ಊರಿನವರು ಬಾಗಿಲು ತೆರೆದರು.

ಸಪನಾಳ ಕೈಯ ಕಾಗದದಲ್ಲಿ ಹೆಸರು ನೋಡಿದ್ದೇ ದತ್ತಾತ್ರಿ, ಗುರುಶಾಂತ ಒಮ್ಮೆ ತನ್ನ ಹತ್ತಿರ ಬೀಡಿ ಇಸಿದುಕೊಂಡಿದ್ದನೆಂದು ಹೇಳಿದ. ಹುಡುಗಿಯ ಕಣ್ಣು ಅಗಲವಾದವು. ಅವಳು ಹೋಗಿ ದತ್ತಾತ್ರಿಯ ಪಕ್ಕದಲ್ಲಿ ಕೂತಳು, ಯಾವ ಬೀಡಿ ಎಂದು ಕೇಳಿದಳು, ದತ್ತಾತ್ರಿಯ ಫೋಟೊ ತೆಗೆದುಕೊಂಡಳು. ವೀರಭದ್ರಪ್ಪನ ಅಂಗಡಿಯಲ್ಲಿ, ವೀರಭದ್ರಪ್ಪನ ಬೆಂಚಿನ ಮೇಲೆ.

ವೀರಭದ್ರಪ್ಪ ಮಶೀನಿನ ಮುಚ್ಚಳ ಟಪ್ಪೆಂದು ಹಾಕಿ, ಬೀಡಿಯದೇನು ದೊಡ್ಡ ಮಾತು, ಗುರುಶಾಂತ ತನ್ನ ಜೀವದ ಗೆಳೆಯನಾಗಿದ್ದ, ತಾವಿಬ್ಬರೂ ಒಂದೇ ತಾಟಿನಲ್ಲಿ ಉಂಡವರು ಎಂದು ಶುದ್ಧ ಮರಾಠಿಯಲ್ಲಿ ಹೇಳಿಬಿಟ್ಟ. ಖರೆ ಹೇಳಬೇಕೆಂದರೆ ಅವನು ಗುರುಶಾಂತನನ್ನು ಕಂಡದ್ದು ಗೋಡೆಯ ಮರೆಯಿಂದ, ಅದೂ ಬೆನ್ನಿನ ಕಡೆಯಿಂದ. ಆ ಕುಡುಕನ ಮಾರಿ ನೋಡಿದರೆ ಕೆಡುತ್ತೀ ಎಂದು ಅವನಪ್ಪ ಹೇಳಿದ್ದರು. ವೀರಭದ್ರಪ್ಪ ಅಪ್ಪನ ಮಾತು ಮೀರಿದವನಲ್ಲ.

ಎರಡೇ ದಿನಕ್ಕೆ ಸಪನಾ ಕ್ಯಾಮೆರಾದವರನ್ನು ಕರೆದುಕೊಂಡು ಮನೆಗೆ ಬಂದಳು. ಹೆಂಡತಿ ವಿದ್ಯಾವತಿ ತವರಿಗೆ ಹೋಗಿದ್ದಳು, ಇಲ್ಲದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ದೀಪ ಹಚ್ಚಿ, ಅಂಗಿಗೆ ಮೈಕು ಸಿಕ್ಕಿಸಿ, ಆ ನಿಲಂಗಾದ ಹುಡುಗಿ ಯಾರು ಎಂದು ಕೇಳಿದರು. ಈವರೆಗೆ ಯಾರಿಗೂ ಗೊತ್ತಾಗಿಲ್ಲ, ನೀವೊಬ್ಬರೇ ಹೇಳಬಲ್ಲವರು ಎಂದರು. ಗೊತ್ತಿಲ್ಲ ಎನ್ನಲು ವೀರಭದ್ರಪ್ಪ ಬಾಯಿ ತೆರೆದ. ಕಿಟಕಿಯಾಚೆ ದತ್ತಾತ್ರಿಯ ಬಿಳಿ ಟೋಪಿ ಕಂಡಿತು. ಬಾಯಿ ತೆರೆದದ್ದು ತೆರೆದಂತೆಯೇ ಬೇರೆ ದಾರಿ ಹಿಡಿಯಿತು.

ಸುಳ್ಳಿನ ಮನೆ ಕಟ್ಟಲಿಕ್ಕೂ ಇಟ್ಟಿಗೆ ಬೇಕು. ನಿಲಂಗಾದಲ್ಲಿ ವೀರಭದ್ರಪ್ಪ ಒಳಹೊಕ್ಕು ಕಂಡದ್ದು ಒಂದೇ ಮನೆ, ಹೆಂಡತಿಯ ತವರು. ಇಟ್ಟಿಗೆಗಳನ್ನೆಲ್ಲ ಅಲ್ಲಿಂದಲೇ ಕಿತ್ತ. ಮುಂದೆ ಬೇವಿನ ಮರ, ಹೊಸ್ತಿಲ ಕೆಳಗೆ ಮುರಿದ ಮೆಟ್ಟಿಲು. ಮನೆಗೆ ಹಿರಿಯ ಮಗಳು, ತುಟಿಯ ಕೆಳಗೆ ಮಚ್ಚೆ, ಅವಳು ನಕ್ಕರೆ ಓಣಿಯ ಆ ತುದಿಗೆ ಕೇಳಿಸುತ್ತಿತ್ತು. ಅವಳ ತಮ್ಮ ಪೈಲವಾನ. ಅವನು ಗುರುಶಾಂತನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಬಡಿದ. ಅವಳನ್ನು ಉದಗೀರದ ಎಣ್ಣೆಗಾಣದವನಿಗೆ ಕೊಟ್ಟುಬಿಟ್ಟರು. ಹೇಳುತ್ತ ಹೇಳುತ್ತ ವೀರಭದ್ರಪ್ಪನಿಗೇ ದುಃಖ ಉಕ್ಕಿ ಬಂತು. ಕ್ಯಾಮೆರಾದವನು ಕಣ್ಣೊರೆಸಿಕೊಂಡ. ಹೀಗೆ ಹೇಳಿದ್ದು ತನ್ನ ಹೆಂಡತಿಯ ಅಕ್ಕ ತುಳಜಾಬಾಯಿ ಮತ್ತು ಹೆಂಡತಿಯ ಅಣ್ಣ ಅಂಬಾದಾಸನ ವಿಷಯ ಎಂಬುದು ಕೊನೆಗೆ ಹೊಳೆದಾಗ, ಗುರುತು ಹತ್ತದಿರಲೆಂದು ಅವನು ಹುಡುಗಿಯ ಹೆಸರನ್ನು ಮಾತ್ರ ಬದಲಿಸಿದ. ತುಳಜಾಬಾಯಿ ಹೋಗಿ ಅಂಬಾಬಾಯಿ ಆದಳು. ತುಳಜಾಪುರದ ತಾಯಿಗೆ ಎರಡೂ ಹೆಸರು ಸಲ್ಲುತ್ತವೆ ಎಂಬುದು ಆ ಸೀಮೆಯ ಕೂಸಿಗೂ ಗೊತ್ತು. ವೀರಭದ್ರಪ್ಪನಿಗೆ ಆ ಗಳಿಗೆಯಲ್ಲಿ ಗೊತ್ತಿರಲಿಲ್ಲ.

ಸಿನಿಮಾ ಎಂದವರೆಲ್ಲ ಸಿನಿಮಾ ಮಾಡುತ್ತಾರೆಯೇ, ಅರ್ಧಕ್ಕೇ ನಿಲ್ಲಿಸಿ ಹೋಗುತ್ತಾರೆ ಎಂದು ಅವನು ಸಮಾಧಾನ ಮಾಡಿಕೊಂಡ. ಹೆಂಡತಿಗೆ ಹೇಳಲಿಲ್ಲ. ಮಳೆಗಾಲ ಹೋಯಿತು, ಸೋಯಾಬೀನಿನ ರಾಶಿಯೂ ಮುಗಿಯಿತು. ಅವನು ಮರೆತೂಬಿಟ್ಟ.

ಒಂದು ಮುಂಜಾನೆ ದತ್ತಾತ್ರಿ ಮೊಬೈಲನ್ನು ಅವನ ಮೂಗಿನ ಮುಂದೆ ಹಿಡಿದ. ಅದರಲ್ಲಿ ಟ್ರೇಲರು ಓಡುತ್ತಿತ್ತು. ಸಿನಿಮಾದ ಹೆಸರು ‘ಕೋರಡೀ ಶಾಯಿ’, ಅಂದರೆ ಒಣಗಿದ ಶಾಯಿ. ಬೇವಿನ ಮರ ಬಂತು. ಮುರಿದ ಮೆಟ್ಟಿಲು ಬಂತು. ಹುಡುಗಿ ತಲೆ ಹಿಂದೆ ಚೆಲ್ಲಿ ನಕ್ಕಳು, ಕ್ಯಾಮೆರಾ ಹತ್ತಿರ ಹೋಗಿ ತುಟಿಯ ಕೆಳಗಿನ ಮಚ್ಚೆಯ ಮೇಲೆ ನಿಂತಿತು. ಪೈಲವಾನ ತೊಡೆ ತಟ್ಟಿದ. ದೊಡ್ಡ ಮೀಸೆಯ ಗಾಣದವನು ಹೆಂಡತಿಯ ಮೇಲೆ ಬೆಲ್ಟು ಎತ್ತಿದ. ಆ ದಿನ ಯಾರದೋ ಜಾತಿ ಪ್ರಮಾಣಪತ್ರದ ಬದಲು ವೀರಭದ್ರಪ್ಪನ ಅಂಗೈಯ ಝೆರಾಕ್ಸ್ ಬಂತು.

ಮನೆಗೆ ಹೋದರೆ ವಿದ್ಯಾವತಿ ಆಗಲೇ ಅದನ್ನು ನೋಡಿ ಸೆರಗಿನಲ್ಲಿ ಮುಖ ಮುಚ್ಚಿ ಕೂತಿದ್ದಳು. ಲಾತೂರದಿಂದ ಬೀದರದವರೆಗೆ ಇದ್ದಬದ್ದ ನೆಂಟರೆಲ್ಲ ಅವಳಿಗೆ ಫೋನು ಮಾಡಿದ್ದರು.

“ಇದು ನಮ್ಮ ಅಕ್ಕಾನೇ,” ಎಂದಳು. “ಯಾವ ಹೊಟ್ಟಿ ಉರದಾಂವ ಹೇಳ್ಯಾನೋ, ಅಂವನ ಬಾಯಾಗ ಹುಳಾ ಬೀಳ್ಲಿ.”

ವೀರಭದ್ರಪ್ಪ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದ.

ಅಷ್ಟರಲ್ಲಿ ಅಂಬಾದಾಸನ ಫೋನು. ಅಂಬಾದಾಸ ಈಗ ವಯಸ್ಸಾದವನು, ಹೊಲ ನೋಡಿಕೊಂಡು ನಿಲಂಗಾದಲ್ಲಿಯೇ ಇರುವವನು. ಆದರೆ ಒಂದು ಕಾಲಕ್ಕೆ ಸುತ್ತಿನ ತಾಲೂಕುಗಳಲ್ಲಿ ಅವನ ಕುಸ್ತಿಗೆ ಜೋಡಿ ಸಿಗುತ್ತಿರಲಿಲ್ಲ. ನಿಲಂಗಾದ ದನದ ಸಂತೆಯಲ್ಲಿ ಎತ್ತಿನ ಮಾತಿಗೆ ಜಗಳವಾಗಿ ಅವನು ಒಬ್ಬನ ಕೈ ಹಿಡಿದಿದ್ದ, ಬರೀ ಹಿಡಿದಿದ್ದ, ಆ ಮನುಷ್ಯ ಇವತ್ತಿಗೂ ಎಡಗೈಯಲ್ಲಿ ಉಣ್ಣುತ್ತಾನೆ. ಸಿನಿಮಾದವರು ಯಾವುದೋ ಸಂದರ್ಶನದಲ್ಲಿ, ಉಮರ್ಗಾದಲ್ಲಿರುವ ಲೇಖಕನ ಗೆಳೆಯನೊಬ್ಬ ಇದೆಲ್ಲ ಹೇಳಿದ ಎಂದಿದ್ದರು. ಅದನ್ನು ಅಂಬಾದಾಸ ಕೇಳಿಸಿಕೊಂಡಿದ್ದ. ಬೀಗರನ್ನು ಆ ಕಡೆ ಕರೆಯುವಂತೆ ಅವನು ತಂಗಿಯ ಗಂಡನನ್ನು ‘ಪಾವಣೇರ’ ಎನ್ನುತ್ತಿದ್ದ.

“ಪಾವಣೇರ, ಆ ಮಗಾ ನಿಮ್ಮ ಊರಾಗೇ ಅದಾನ,” ಎಂದ. “ನೀವು ಹುಡುಕಿ ಇಡ್ರಿ. ನಾ ಬಂದು ಬರೇ ಕೈ ಹಿಡೀತೀನಿ.”

ಹುಡುಕುತ್ತೇನೆ ಎಂದು ವೀರಭದ್ರಪ್ಪ ಮಾತು ಕೊಟ್ಟ. ತನ್ನನ್ನು ತಾನು ಹುಡುಕುವುದು ಸಾಧು ಸಂತರಿಗೂ ಕಠಿಣವಾದ ಕೆಲಸ. ವೀರಭದ್ರಪ್ಪ ಅದನ್ನು ವಾರಗಟ್ಟಲೆ ಮಾಡಿದ. ಮನುಷ್ಯ ಬಸ್‌ಸ್ಟ್ಯಾಂಡಿನ ಹತ್ತಿರ ಇರುವಂತೆ ಕಾಣುತ್ತದೆ ಎಂದು ಒಂದು ದಿನ ವರದಿ ಕೊಟ್ಟ. ಇಲ್ಲ, ಅವನು ಸೋಲಾಪುರಕ್ಕೆ ಹೋದನಂತೆ ಎಂದು ಇನ್ನೊಂದು ದಿನ ಹೇಳಿದ. ಅಲ್ಲಿ ಕಾಯಿಲೆ ಬಿದ್ದಿದ್ದಾನಂತೆ, ಬದುಕುವುದು ಕಷ್ಟವಂತೆ ಎಂದ. ಕೊಂದೇಬಿಡಬೇಕೆಂದು ಯೋಚಿಸುತ್ತಿರುವಾಗ ಅಂಬಾದಾಸ ತಾಳ್ಮೆ ಕಳೆದುಕೊಂಡು ಎಸ್‌ಟಿ ಬಸ್ಸು ಹತ್ತಿ ಉಮರ್ಗಾಕ್ಕೆ ಬಂದೇಬಿಟ್ಟ.

ಬಂದವನು ಅಂಗಡಿಯ ಬೆಂಚಿನ ಒಂದು ತುದಿಗೆ ಕೂತ. ಇನ್ನೊಂದು ತುದಿ ಮೇಲೆದ್ದಿತು. ಆ ತುದಿಗೆ ದಿನದಂತೆ ದತ್ತಾತ್ರಿ ಬಂದು ಕೂತು ಬೆಂಚನ್ನು ಸಮ ಮಾಡಿದ. ವೀರಭದ್ರಪ್ಪ ಮಶೀನಿನ ಹಿಂದೆ ನಿಂತು ಮನೆದೇವರನ್ನು ನೆನೆಯತೊಡಗಿದ. ಅಂಬಾದಾಸ ಸೌಮ್ಯವಾಗಿಯೇ, ನೀವು ಹಳಬರು ಕಾಣುತ್ತೀರಿ, ಗುರುಶಾಂತನನ್ನು ಬಲ್ಲಿರೇನು ಎಂದು ಕೇಳಿದ. ಬಲ್ಲೆ ಎಂದರೇನು, ನನ್ನ ಬೀಡಿ ಸೇದಿದ್ದಾನೆ ಎಂದು ದತ್ತಾತ್ರಿ ಮೀಸೆ ತೀಡಿದ. ಅಂಬಾದಾಸನ ಕೈ ನಿಧಾನವಾಗಿ ಅವನ ಮುಂಗೈಯ ಕಡೆಗೆ ಸರಿಯಿತು.

“ಹಂಗಾದ್ರ ಆ ನಿಲಂಗಾದ ಹುಡುಗಿ ಸುದ್ದಿನೂ ನೀವೇ ಹೇಳಿರಬೇಕು?”

“ಏ, ಅದು ನಾ ಅಲ್ರಿ,” ಎಂದು ದತ್ತಾತ್ರಿ ನಕ್ಕ. “ಅದು ಹೇಳ್ದಾಂವ ಅಂದ್ರ…”

ಏನು ಮಾಡುತ್ತಿದ್ದೇನೆಂದು ವೀರಭದ್ರಪ್ಪನಿಗೆ ತಿಳಿಯಲಿಲ್ಲ. ಮಶೀನಿಗೆ ಹಾಕುವ ಕರಿ ಪುಡಿಯ ಡಬ್ಬಿ ಅವನ ಕೈಗೆ ಬಂದಿತ್ತು, ಮುಚ್ಚಳ ಕಳಚಿತ್ತು, ತಿರುಗುವ ಫ್ಯಾನಿನ ಮುಂದೆ ಡಬ್ಬಿ ಬೋರಲಾಗಿತ್ತು. ಅಷ್ಟು ಮಾತ್ರ ಅವನಿಗೆ ನೆನಪು. ಅಂಗಡಿಯಲ್ಲಿ ಕತ್ತಲೆಯಾಯಿತು. ಕತ್ತಲೆ ಇಳಿದಾಗ ಮೂವರೂ ಒಂದೇ ತಾಯಿಯ ಮಕ್ಕಳಂತೆ ಕಪ್ಪಾಗಿದ್ದರು. ದತ್ತಾತ್ರಿ ಕೆಮ್ಮುತ್ತ ಟೋಪಿ ಹುಡುಕುತ್ತ ಮನೆಗೆ ಓಡಿದ. ಅಂಬಾದಾಸ ಮಾತ್ರ ಕದಲಲಿಲ್ಲ. ಧೋತರದ ತುದಿಯಿಂದ ಕಣ್ಣೊರೆಸಿಕೊಂಡು, ಈ ಮುದುಕನಿಗೆ ಗೊತ್ತಿದೆ, ಇನ್ನೊಮ್ಮೆ ಬಂದು ಸಾವಕಾಶ ಕೇಳುತ್ತೇನೆ ಎಂದ. ಅಂದಿನಿಂದ ವೀರಭದ್ರಪ್ಪ ದತ್ತಾತ್ರಿಗೆ ಎರಡು ಹೊತ್ತು ಚಹಾ ತರಿಸಿಕೊಡತೊಡಗಿದ. ದತ್ತಾತ್ರಿ ಯಾಕೆಂದು ಕೇಳಲಿಲ್ಲ. ಮೂರನೆಯ ದಿನ ಮಾತ್ರ ಜೊತೆಗೆ ಭಜಿ ಬೇಕೆಂದ.

ಇಷ್ಟೆಲ್ಲ ಆದರೂ ತುಳಜಾಬಾಯಿ ಉದಗೀರದಲ್ಲಿ ತುಟಿ ಪಿಟಕ್ಕೆಂದಿರಲಿಲ್ಲ. ಅದೇ ವೀರಭದ್ರಪ್ಪನಿಗೆ ಹೆಚ್ಚಿನ ಭಯ. ಆಕೆ ಮನೆಗೆ ಹಿರಿಯಳು, ಎಣ್ಣೆಗಾಣದ ಗಂಡ ತೀರಿಹೋಗಿ ಕೆಲವು ವರ್ಷವಾಗಿತ್ತು. ತಂಗಿ ವಿದ್ಯಾವತಿಯನ್ನು ಎತ್ತಿ ಬೆಳೆಸಿದವಳು. ಒಂದು ದಿನ ಆಕೆಯಿಂದ ಹೇಳಿಕೆ ಬಂತು. ಸಿನಿಮಾ ಉದಗೀರಕ್ಕೆ ಬಂದಿದೆ, ಎಲ್ಲರೂ ಬನ್ನಿ, ಕೂಡಿ ನೋಡೋಣ.

ವೀರಭದ್ರಪ್ಪನಿಗೆ ಹೊಟ್ಟೆ ನೋವು ಬಂತು. ವಿದ್ಯಾವತಿ ಅಜವಾನ ತಿನ್ನಿಸಿದಳು. ನೋವು ಮೊಣಕಾಲಿಗೆ ಇಳಿಯಿತು, ಆಕೆ ಎಣ್ಣೆ ಹಚ್ಚಿದಳು. ಅದು ಇನ್ನೆಲ್ಲಿಗೆ ಹೋಗಬೇಕೆಂದು ಯೋಚಿಸುವಷ್ಟರಲ್ಲಿ ಅವನು ಉದಗೀರದ ಬಸ್ಸಿನಲ್ಲಿದ್ದ. ಅಸಲಿಗೆ ಅವನ ಭಯ ಬೇರೆಯೇ ಇತ್ತು. ಹಿಂದಿನ ದಿನ ಸಪನಾ ಫೋನು ಮಾಡಿ, ಸಿನಿಮಾದ ಆರಂಭದಲ್ಲಿಯೇ ವಿಶೇಷ ಆಭಾರ ಎಂದು ನಿಮ್ಮ ಹೆಸರು, ಊರು ಎರಡೂ ದೊಡ್ಡ ಅಕ್ಷರದಲ್ಲಿ ಹಾಕಿದ್ದೇವೆ ಎಂದು ಸಂತೋಷದಿಂದ ತಿಳಿಸಿದ್ದಳು.

ಮ್ಯಾಟಿನಿ ಆಟ. ಥಿಯೇಟರು ತುಂಬಿತ್ತು. ತುಳಜಾಬಾಯಿ ಒಂದು ತುದಿಗೆ, ಆಮೇಲೆ ವಿದ್ಯಾವತಿ, ಆಮೇಲೆ ವೀರಭದ್ರಪ್ಪ, ಅವನ ಪಕ್ಕಕ್ಕೆ ಅಂಬಾದಾಸ. ಪರದೆಯ ಮೇಲೆ ಹೆಸರುಗಳು ಬರತೊಡಗಿದವು. ಅಂಬಾದಾಸ ಅಕ್ಷರ ಕೂಡಿಸಿ ಕೂಡಿಸಿ ಒಂದೊಂದನ್ನೂ ಗಟ್ಟಿಯಾಗಿ ಓದತೊಡಗಿದ. ವಿ, ಶೇ, ಷ ಎಂಬಲ್ಲಿಗೆ ಬಂದಾಗ ವೀರಭದ್ರಪ್ಪ ಎದ್ದು ನಿಂತು ಅವನ ಕಡೆ ತಿರುಗಿ ಎರಡೂ ಕೈ ಚಾಚಿದ. ಹಿಂದಿನವರು ಕೂಡು ಕೂಡು ಎಂದು ಕೂಗಿದರು, ಯಾರೋ ಶೇಂಗಾದ ಸಿಪ್ಪೆ ಎಸೆದರು. ಏನಾಯಿತು ಪಾವಣೇರ ಎಂದು ಅಂಬಾದಾಸ ಕೇಳಿದ. ನಿಮ್ಮ ಭುಜದ ಮೇಲೆ ಚೇಳಿತ್ತು ಎಂದು ವೀರಭದ್ರಪ್ಪ ಹೇಳಿದ. ಆ ಸಾಲಿನವರೆಲ್ಲ ಕಾಲು ಮೇಲೆ ಮಾಡಿ ಕೂತರು. ಹೆಸರು ಬಂದು ಹೋಯಿತು.

ಸಿನಿಮಾದ ಪೈಲವಾನನನ್ನು ನೋಡಿ ಅಂಬಾದಾಸ ಮೊದಲು ಉರಿದ. ಇಂಥ ಕಡ್ಡಿಯನ್ನು ಬಗಲಲ್ಲಿಟ್ಟುಕೊಂಡು ನಾನು ಜಳಕ ಮಾಡುತ್ತಿದ್ದೆ ಎಂದ. ಆದರೆ ಕಥೆ ಸರಿದಂತೆ ಅವನ ಗೊಣಗಾಟ ಕಡಿಮೆಯಾಯಿತು. ಕೊನೆಗೆ ಗುರುಶಾಂತ ಮುರುಕು ಕೋಣೆಯಲ್ಲಿ ಅಂಬಾ ಅಂಬಾ ಎನ್ನುತ್ತ ಕಣ್ಣು ಮುಚ್ಚಿದಾಗ ಇಡೀ ಥಿಯೇಟರು ಬಿಕ್ಕಿತು, ಎಲ್ಲರಿಗಿಂತ ದೊಡ್ಡ ದನಿ ಅಂಬಾದಾಸನದೇ. ಅವನು ವೀರಭದ್ರಪ್ಪನ ಹೆಗಲ ಮೇಲೆ ತಲೆಯಿಟ್ಟ.

“ಆಗಿನ ಕಾಲದಾಗ ನಾ ಭಾಳ ಮಂದಿಗಿ ಹೊಡದೀನಿ, ಪಾವಣೇರ,” ಎಂದ. “ಅದರಾಗ ಇವನೂ ಇದ್ದನೇನೋ. ನೆನಪ ಆಗವಲ್ದು.”

ಇದನ್ನು ಕೇಳಿ ವೀರಭದ್ರಪ್ಪನ ಭಯ ಇಮ್ಮಡಿಸಿತು. ಸುಳ್ಳು ತಾನಾಗಿ ಬೇರು ಬಿಡುವುದನ್ನು ಅವನು ಕಣ್ಣಾರೆ ಕಂಡದ್ದು ಅದೇ ಮೊದಲು. ಆ ಕಡೆ ನೋಡಿದರೆ ತುಳಜಾಬಾಯಿಯ ಕುರ್ಚಿ ಖಾಲಿಯಿತ್ತು. ಗಾಣದವನು ಬೆಲ್ಟು ಎತ್ತಿದ ಹೊತ್ತಿಗೇ ಆಕೆ ಎದ್ದು ಹೊರಗೆ ಹೋಗಿದ್ದಳೆಂದು ವಿದ್ಯಾವತಿ ಹೇಳಿದಳು.

ಮನೆಗೆ ಬಂದ ಮೇಲೆ ತುಳಜಾಬಾಯಿ ಎಲ್ಲರಿಗೂ ಚಹಾ ಕೊಟ್ಟು, ವೀರಭದ್ರಪ್ಪನನ್ನು ಹಿತ್ತಲಿಗೆ ಕರೆದಳು. ಹಿತ್ತಲಲ್ಲಿ ಹಳೆಯ ಗಾಣದ ಕಲ್ಲು ಬಿದ್ದಿತ್ತು. ಆಕೆ ಅದರ ಮೇಲೆ ಕೂತಳು. ಅವನಿಗೆ ಕೂಡು ಎನ್ನಲಿಲ್ಲ.

“ನಮ್ಮ ತವರಮನಿ ಮೆಟ್ಟಲ ಯಾವಾಗ ಮುರೀತು?” ಎಂದು ಕೇಳಿದಳು.

“ನನ್ನ ಲಗ್ನದಾಗ, ಅಕ್ಕಾ. ಬಾಜಾದವರು ಡೋಲ ಕೆಡವಿದ್ರಲ್ಲ.”

“ಆ ಮನುಷ್ಯಾ ಸತ್ತಿದ್ದು ನಿನ್ನ ಲಗ್ನಕ್ಕಿಂತ ಮೊದಲ. ಮತ್ತ ಸಿನಿಮಾದಾಗ ಮೆಟ್ಟಲ ಹ್ಯಾಂಗ ಮುರದಿತ್ತು, ವೀರಭದ್ರಪ್ಪಾ? ಅಂಬಾದಾಸಗ ಮೈ ಅದ, ತಲಿ ಇಲ್ಲ. ನನಗರೆ ಅದ ಇಲ್ಲೋ.”

ವೀರಭದ್ರಪ್ಪ ಆಕೆಯ ಕಾಲು ಹಿಡಿದ. ದತ್ತಾತ್ರಿಯ ಬೀಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. ತಪ್ಪಾಯಿತು, ನಿಮ್ಮ ಹೆಸರಿಗೆ ಕಲೆ ಹಚ್ಚಿದೆ ಎಂದು ಅತ್ತ. ಆಕೆ ಕಾಲು ಹಿಂದಕ್ಕೆಳೆದುಕೊಂಡಳು.

“ನನ್ನ ಹೆಸರಿಂದು ಬಿಡು. ಈ ವಯಸ್ಸಿನ್ಯಾಗ ಅದನ್ನ ತಗೊಂಡು ಏನ ಮಾಡ್ಲಿ. ನಮ್ಮ ಮನಿಯವರ ಕೈಯಾಗ ಬೆಲ್ಟ ಯಾಕ ಕೊಟ್ಟಿ?”

ಬೆಲ್ಟು ತಾನು ಕೊಟ್ಟಿಲ್ಲ, ತಾನು ಬರೀ ಗಾಣದವರು ಎಂದಿದ್ದೆ, ಮೀಸೆ ಬೆಲ್ಟು ಎರಡನ್ನೂ ಪುಣೆಯವರು ಹಚ್ಚಿದರು ಎಂದು ವೀರಭದ್ರಪ್ಪ ಆಣೆ ಮಾಡಿದ. ತುಳಜಾಬಾಯಿ ಗಾಣದ ಕಲ್ಲನ್ನು ಸವರಿದಳು. ಆಕೆಯ ಗಂಡ ಹುಟ್ಟಿದಾಗಿನಿಂದ ಧೋತರ ಬಿಟ್ಟು ಬೇರೆ ಉಟ್ಟವರಲ್ಲ, ಬೆಲ್ಟು ಕಟ್ಟಲಿಕ್ಕೆ ಜಾಗವೇ ಇರಲಿಲ್ಲ. ಹೊಗೆ ಆಕೆಯ ಕಣ್ಣಿಗೆ ಆಗುತ್ತಿರಲಿಲ್ಲವೆಂದು ಸಂಸಾರ ಮಾಡಿದಷ್ಟು ದಿನವೂ ಆಕೆಗಿಂತ ಮೊದಲೆದ್ದು ಒಲೆ ಹೊತ್ತಿಸಿಟ್ಟವರು. ಅಂಥವರನ್ನು ಇಂದು ಮುನ್ನೂರು ಮಂದಿ ಬೈದರು, ನಾನು ಎದ್ದು ಬಾಗಿಲು ದಾಟುವವರೆಗೂ ಅದನ್ನೇ ಕೇಳುತ್ತ ಹೋದೆ ಎಂದು ಆಕೆ ಹೇಳಿದಳು. ದನಿ ಏರಲಿಲ್ಲ. ವೀರಭದ್ರಪ್ಪನಿಗೆ ಅಂಬಾದಾಸ ಬಂದು ಕೈ ಹಿಡಿದಿದ್ದರೇ ಚೆನ್ನಾಗಿತ್ತು ಅನಿಸಿತು.

ಉದಗೀರದ ಸಾಹಿತ್ಯ ಮಂಡಳಿಯವರು ಮುಂದಿನ ಭಾನುವಾರ ಆಕೆಗೆ ಸತ್ಕಾರ ಇಟ್ಟುಕೊಂಡಿದ್ದರು. ಲೇಖಕನ ಅಮರ ಪ್ರೇಯಸಿ ನಮ್ಮೂರಿನಲ್ಲೇ ಇದ್ದಾಳೆ ಎಂದು ಅವರು ಮಚ್ಚೆ ನೋಡಿ ಪತ್ತೆ ಹಚ್ಚಿದ್ದರು. ಆಕೆ ಒಪ್ಪಿಕೊಂಡಿದ್ದಳು.

“ಅವತ್ತು ನೀ ಬರ್ಬೇಕು. ಮೈಕಿನ್ಯಾಗ ಖರೇ ಏನದ ಅದು ಹೇಳ್ಬೇಕು.”

“ಅಂಬಾದಾಸಣ್ಣನ ಮುಂದಾ, ಅಕ್ಕಾ?”

“ಅಂವನ ಮುಂದನೇ.”

ಆ ವಾರ ವೀರಭದ್ರಪ್ಪ ಹೇಗೆ ಕಳೆದನೋ ಶಿವನೇ ಬಲ್ಲ. ಬಲಗೈಗೆ ದಿನಾಲು ಎಣ್ಣೆ ತಿಕ್ಕಿದ, ಎಡಗೈಯಲ್ಲಿ ಉಣ್ಣುವುದನ್ನು ರೂಢಿ ಮಾಡಿದ. ವಿದ್ಯಾವತಿ ಯಾಕೆಂದು ಕೇಳಿದರೆ ಎರಡೂ ಕೈ ಬರುವುದು ಒಳ್ಳೆಯದು ಎಂದ. ಭಾನುವಾರ ಅಂಗಿಯ ಒಳಗೆ ಎರಡು ಬನಿಯನ್ನು ಹಾಕಿಕೊಂಡು ಹೋದ.

ಸಭಾಗೃಹ ಕಿಕ್ಕಿರಿದಿತ್ತು. ಅಧ್ಯಕ್ಷರು ಪ್ರೇಮದ ಬಗ್ಗೆ ಮಾತಾಡಿದರು, ಮುಗಿಸುತ್ತೇನೆ ಎಂದು ಹೇಳಿ ಮತ್ತೆ ಮಾತಾಡಿದರು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ತುಳಜಾಬಾಯಿ ಮೈಕಿನ ಮುಂದೆ ನಿಂತು ತನ್ನ ಮನೆಮಾತಿನಲ್ಲಿಯೇ ಹೇಳಿದಳು.

“ಆ ಕತಿ ಬರಿಯಾಂವನ್ನ ನಾ ಒಮ್ಮೆನೂ ನೋಡಿಲ್ಲ. ನನ್ನ ಗಂಡ ನನಗ ಒಂದ ದಿನ ಕೈ ಎತ್ತಿಲ್ಲ. ಒಲಿ ಹೊತ್ತಿಸಿ ಕೊಡ್ತಿದ್ದರು. ಸಿನಿಮಾದಾಗಿನ ಹುಡುಗಿ ಯಾರೋ ಬ್ಯಾರೆ ಅದಾಳ. ಇದ್ರ ಎಲ್ಲೋ ಒಂದ ಮನ್ಯಾಗ ರೊಟ್ಟಿ ಬಡ್ಕೋತ ಅದಾಳ. ಆಕಿನ್ನ ಹುಡಕಬ್ಯಾಡ್ರಿ.”

ಇಷ್ಟು ಹೇಳಿ ಆಕೆ ಕೂತಳು. ಹೆಂಗಸರ ಸಾಲಿನಿಂದ ಬಿಕ್ಕುವ ಸದ್ದು ಬಂತು. ನೋಡಿರಿ, ಎಷ್ಟು ದೊಡ್ಡ ಮನಸ್ಸು, ಗಂಡನ ಮಾನಕ್ಕಾಗಿ ಎಲ್ಲ ನುಂಗಿಕೊಂಡಿದ್ದಾಳೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡ ಮಾತು ಮೈಕಿಲ್ಲದೆಯೂ ವೇದಿಕೆಯವರೆಗೆ ಕೇಳಿಸಿತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಇದಕ್ಕಿಂತ ದೊಡ್ಡ ಪುರಾವೆ ಇನ್ನೇನು ಬೇಕು ಎಂದರು.

ತುಳಜಾಬಾಯಿ ವೀರಭದ್ರಪ್ಪನ ಕಡೆ ನೋಡಿದಳು. ಅವನು ಎದ್ದ. ವೇದಿಕೆಯ ಮೆಟ್ಟಿಲು ಹತ್ತಿದ. ಎದುರಿಗೆ ಮೊದಲ ಸಾಲಿನಲ್ಲಿ ಅಂಬಾದಾಸ, ಅವನ ತೊಡೆಯ ಮೇಲೆ ಆ ಎರಡು ಕೈ. ವೀರಭದ್ರಪ್ಪ ಕಣ್ಣು ಮುಚ್ಚಿಕೊಂಡ.

“ಆ ಗೆಳ್ಯಾ ಅಂದಾಂವ ನಾನೇ,” ಎಂದ. “ಗುರುಶಾಂತ ನನಗ ಗೊತ್ತೇ ಇದ್ದಿಲ್ಲ. ನಾ ಹೇಳಿದ್ದೆಲ್ಲಾ ಸುಳ್ಳ. ಅಕ್ಕಾಂದು ಖರೇ ಅದ.”

ಕುರ್ಚಿ ಹಿಂದೆ ಸರಿದ ಸದ್ದಾಯಿತು. ಭಾರವಾದ ಹೆಜ್ಜೆಗಳು ವೇದಿಕೆಯ ಹಲಗೆಯ ಮೇಲೆ ಬಂದವು. ವೀರಭದ್ರಪ್ಪ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈ ಮುಂದೆ ಚಾಚಿದ. ಅಂಬಾದಾಸ ಕೈ ಹಿಡಿಯಲಿಲ್ಲ. ಅವನನ್ನು ಇಡಿಯಾಗಿ ತಬ್ಬಿಕೊಂಡು ಮೇಲೆತ್ತಿದ. ಎರಡು ಬನಿಯನ್ನಿನ ಒಳಗಿಂದ ಎಲುಬು ನುಡಿದವು.

“ನಮ್ಮ ಮನಿ ಮಾನದ ಸಲುವಾಗಿ ಇಷ್ಟು ಮಂದ್ಯಾಗ ಸುಳ್ಳುಗಾರ ಅನಸಿಗೊಂಡ್ರಲ್ಲ, ಪಾವಣೇರ,” ಎಂದು ಅಂಬಾದಾಸ ಅತ್ತ. “ಇಂಥಾ ಗೆಳ್ಯಾ ಆ ಗುರುಶಾಂತಗ ಇದ್ದದ್ದು ಪುಣ್ಯಾ.”

ಅಲ್ಲ, ಖರೆಯಾಗಿಯೂ ಸುಳ್ಳು ಎಂದು ಹೇಳಲು ವೀರಭದ್ರಪ್ಪ ಪ್ರಯತ್ನಿಸಿದ. ಉಸಿರು ಬರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಊರಿನಲ್ಲಿ ಅವನು ಹೇಳಿದ ಒಂದೇ ಒಂದು ಖರೆ ಮಾತನ್ನು ಅವರು ತೀರ ಉದಾತ್ತವಾದ ಸುಳ್ಳೆಂದು ಸ್ವೀಕರಿಸಿದರು. ಮಂಡಳಿಯವರು ಉಳಿದಿದ್ದ ಇನ್ನೊಂದು ಶಾಲನ್ನು ಅವನಿಗೂ ಹೊದಿಸಿದರು.

ಹೊರಗೆ ಬಂದಾಗ ಹೆಂಗಸರು ಸಾಲುಗಟ್ಟಿ ತುಳಜಾಬಾಯಿಯ ಕಾಲಿಗೆ ಬೀಳುತ್ತಿದ್ದರು. ಆಕೆ ಯಾರನ್ನೂ ತಡೆಯಲೂ ಇಲ್ಲ, ಯಾರ ಮಾತಿಗೂ ಹೂಂ ಎನ್ನಲೂ ಇಲ್ಲ. ಅವರು ನಂಬಲಿಲ್ಲವಲ್ಲ ಅಕ್ಕಾ ಎಂದು ವೀರಭದ್ರಪ್ಪ ಅಂಜುತ್ತ ಹೇಳಿದ. ಬಿಡಲಿ, ನಾನು ಹೇಳಬೇಕಾದದ್ದು ಹೇಳಿದ್ದೇನೆ ಎಂದಳು. ಮಂದಿ ಕರಗಿದ ಮೇಲೆ ಬಾಗಿಲ ಬದಿಗೆ ನಿಂತಿದ್ದ ಒಬ್ಬ ಹೆಂಗಸು ಹತ್ತಿರ ಬಂದಳು. ತುಳಜಾಬಾಯಿಯ ಓರಗೆಯವಳೇ. ಬಣ್ಣ ಮಾಸಿದ ಇಳಕಲ್ ಸೀರೆ, ಕೈಯಲ್ಲಿ ಸಂತೆಚೀಲ, ಹಣೆಯ ಮೇಲೆ ವಿಭೂತಿ. ಕಾಲಿಗೆ ಬೀಳಲಿಲ್ಲ. ಚೀಲ ಕೆಳಗಿಟ್ಟು ತುಳಜಾಬಾಯಿಯ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

“ನೀವು ಹೇಳಿದ್ದು ಖರೇ ಅದ ಅಂತ ನನಗ ಗೊತ್ತದರಿ, ಅಕ್ಕಾ,” ಎಂದಳು.

ಅಷ್ಟೇ. ಕೈ ಮಾತ್ರ ಬೇಗ ಬಿಡಲಿಲ್ಲ. ತುಳಜಾಬಾಯಿ ಆಕೆಯ ಮುಖವನ್ನೇ ನೋಡಿದಳು. ಹೆಸರು ಕೇಳಲಿಲ್ಲ. ತನ್ನ ಹೆಗಲ ಮೇಲಿನ ಸತ್ಕಾರದ ಶಾಲನ್ನು ತೆಗೆದು ಮಡಚಿ ಆಕೆಯ ಚೀಲದಲ್ಲಿಟ್ಟಳು. ಆ ಹೆಂಗಸು ಕಣ್ಣೊರೆಸಿಕೊಂಡು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಆಕೆ ಯಾರಿರಬಹುದೆಂದು ವೀರಭದ್ರಪ್ಪನಿಗೆ ಆಗ ಹೊಳೆಯಿತು. ಇಷ್ಟು ದಿನ ಅವನು ಅಂಜಿದ್ದೆಲ್ಲ ತನ್ನ ಕೈಗಾಗಿ, ತನ್ನ ಎಲುಬಿಗಾಗಿ. ಈಗಿನ ಅಂಜಿಕೆ ಹಾಗಿರಲಿಲ್ಲ. ಯಾರಾದರೂ ಆಕೆಯ ಹಿಂದೆ ಹೋದಾರೆಂದು ಅವನು ಸುತ್ತಲೂ ನೋಡಿದ.

ಆಟೊ ಕರೆದುಕೊಂಡು ಬಂದ ಅಂಬಾದಾಸ ದೂರ ಹೋಗುತ್ತಿದ್ದ ಸೀರೆಯನ್ನು ನೋಡಿ, ಯಾರು ಆಕೆ ಎಂದು ಕೇಳಿದ.

“ನನ್ನ ಜೋಡಿ ಸಾಲಿ ಕಲತಾಕಿ,” ಎಂದಳು ತುಳಜಾಬಾಯಿ.

ತುಳಜಾಬಾಯಿ ಶಾಲೆಯ ಮುಖ ಕಂಡವಳಲ್ಲ, ಇವತ್ತಿಗೂ ಹೆಬ್ಬೆಟ್ಟು ಒತ್ತುವವಳು ಎಂಬುದು ವೀರಭದ್ರಪ್ಪನಿಗೆ ಗೊತ್ತು. ಒಡಹುಟ್ಟಿದ ಅಂಬಾದಾಸನಿಗೂ ಗೊತ್ತಿರಬೇಕಿತ್ತು. ಅವನು ಹೌದಾ ಎಂದು ಆಟೊದಲ್ಲಿ ಕೂತ. ಯಾವ ಶಾಲೆ, ಯಾವ ಮಾಸ್ತರು ಎಂದು ಸೇರಿಸಲು ವೀರಭದ್ರಪ್ಪನ ಬಾಯಿ ತಾನಾಗಿಯೇ ತೆರೆಯಿತು. ತುಳಜಾಬಾಯಿ ಸಾವಕಾಶ ಅವನ ಕಾಲಿನ ಮೇಲೆ ತನ್ನ ಕಾಲಿಟ್ಟು, ಮನೆ ಮುಟ್ಟುವವರೆಗೂ ತೆಗೆಯಲಿಲ್ಲ.